ಶ್ರಮಣ ಪರಂಪರೆಯ ಎರಡು ದೀಪಗಳು



ಶ್ರಾವಣ ಮಾಸದ ಪ್ರವಚನ ಮುಗಿದ ಒಂದು ರಾತ್ರಿ. ಮಂಗಳಾರತಿಯಾಗಿ, ಪ್ರಸಾದ ಸ್ವೀಕರಿಸಿ ಜನ ಮನೆಗಳಿಗೆ ತೆರಳುತ್ತಿದ್ದರು. ಆಗ ಎಪ್ಪತ್ತು ದಾಟಿದ ರೈತರೊಬ್ಬರು ನಮ್ಮ ಬಳಿಗೆ ಬಂದು, ತಲೆಯ ಮೇಲಿನ ರುಮಾಲು ತೆಗೆದು ನಮಸ್ಕರಿಸಿ, ಅಲ್ಲಿಯೇ ಕಂಬಕ್ಕೆ ಒರಗಿ ಕುಳಿತರು. ಎಲ್ಲರೂ ಹೋದ ಮೇಲೆ ಮೆಲ್ಲಗೆ ಬಾಯಿಬಿಟ್ಟರು.

"ಅಪ್ಪಾರ, ನಮ್ಮ ಹೊಲದ ಬದುವಿನ್ಯಾಗ ಒಂದು ಕಲ್ಲಿನ ಮೂರ್ತಿ ಐತ್ರಿ. ರುಂಡ ಇಲ್ಲ, ಕಾಲು ಮಡಚಿ ಕುಂತಂಗೈತಿ. ಕೆಲವರು ಬುದ್ಧ ಅಂತಾರ, ಕೆಲವರು ಬಸ್ತಿ ದೇವರು ಅಂತಾರ. ಟ್ರ್ಯಾಕ್ಟರ್ ತಿರುಗಾಕ ಅಡ್ಡ ಆಗತೈತಿ, ಕಿತ್ತು ಹಳ್ಳಕ್ಕ ಹಾಕೂಣು ಅಂತ ಹುಡುಗ್ರು ಹಟ ಹಿಡದಾರ. ನಮ್ಮದಲ್ಲದ ದೇವರು, ಇದ್ರೇನು ಬಿಟ್ರೇನು ಅಂತಾರ. ನಾ ಏನ್ ಮಾಡ್ಲ್ರೀ?"

ಈ ಪ್ರಶ್ನೆ ಆ ಒಬ್ಬ ಹಿರಿಯರದ್ದು ಮಾತ್ರವಲ್ಲ. ನಮ್ಮ ಸೀಮೆಯ ಎಷ್ಟೋ ಊರುಗಳಲ್ಲಿ ಕೆರೆಯ ದಂಡೆ, ಹಾಳು ಗುಡಿ, ಹೊಲದ ಒಡ್ಡಿನ ಮೇಲೆ ಇಂತಹ ಮೂರ್ತಿಗಳಿವೆ. ಅವರ ಮಾತಿನಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಆ ಮೂರ್ತಿ ಯಾರದು ಎಂಬುದು ಒಂದು. ನಮ್ಮದಲ್ಲದ್ದನ್ನು ನಾವು ಹೇಗೆ ಕಾಣಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹುಡುಕುತ್ತ ಹೋದರೆ ಎರಡನೆಯದಕ್ಕೆ ತಾನಾಗಿಯೇ ಉತ್ತರ ದೊರೆಯುತ್ತದೆ. ಆದ್ದರಿಂದ ಈ ವಾರ ನಾವು ಬೌದ್ಧ ಮತ್ತು ಜೈನ ಎಂಬ ಎರಡು ಪ್ರಾಚೀನ ಧರ್ಮಗಳ ಕುರಿತು ಚಿಂತಿಸೋಣ.

ಒಂದೇ ನೆಲ, ಒಂದೇ ಕಾಲ

ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದಿನ ಮಾತು. ಗಂಗಾ ನದಿಯ ಬಯಲಿನಲ್ಲಿ ಮಗಧ, ಕೋಸಲ, ವೈಶಾಲಿಗಳು ಬೆಳೆಯುತ್ತಿದ್ದವು. ಕಾಡು ಕಡಿದು ಹೊಲ ಮಾಡಿದರು, ಪಟ್ಟಣ ಕಟ್ಟಿದರು, ನಾಣ್ಯಗಳು ಚಲಾವಣೆಗೆ ಬಂದವು. ಸಂಪತ್ತು ಹೆಚ್ಚಿದಂತೆ ಮನುಷ್ಯನ ಚಿಂತೆಯೂ ಹೆಚ್ಚಿತು. ದುಃಖ ಏಕೆ ಬರುತ್ತದೆ? ಮಾಡಿದ ಕರ್ಮ ಎಲ್ಲಿಗೆ ಹೋಗುತ್ತದೆ? ಹುಟ್ಟುಸಾವುಗಳ ಈ ಗಾಣದಿಂದ ಬಿಡುಗಡೆ ಉಂಟೇ? ಈ ಪ್ರಶ್ನೆಗಳನ್ನು ಹೊತ್ತು ಮನೆ ಬಿಟ್ಟು ಹೊರಟವರನ್ನು ಜನ ಶ್ರಮಣರು ಎಂದು ಕರೆದರು. ಶ್ರಮ ಎಂಬ ಮಾತಿನಿಂದ ಬಂದ ಹೆಸರಿದು. ಬಿಡುಗಡೆ ಯಾರೋ ಕೊಡುವ ದಾನವಲ್ಲ, ತಾನೇ ಬೆವರು ಸುರಿಸಿ ಗಳಿಸಬೇಕಾದದ್ದು ಎಂಬುದು ಅವರ ನಂಬಿಕೆ. ಹೊಲದಲ್ಲಿ ದುಡಿದು ಉಣ್ಣುವ ನಮ್ಮ ಜನರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಶ್ರಮಣರಲ್ಲಿ ಇಬ್ಬರು ಮಹಾಪುರುಷರ ಮಾತು ಇಂದಿಗೂ ಉಳಿದಿದೆ. ವೈಶಾಲಿಯ ಬಳಿಯ ಕುಂಡಗ್ರಾಮದಲ್ಲಿ ಸಿದ್ಧಾರ್ಥ ಮತ್ತು ತ್ರಿಶಲೆಯರ ಮಗನಾಗಿ ಜನಿಸಿದವನು ವರ್ಧಮಾನ ಮಹಾವೀರ. ಲುಂಬಿನಿಯಲ್ಲಿ ಶುದ್ಧೋದನ ಮತ್ತು ಮಾಯಾದೇವಿಯರ ಮಗನಾಗಿ ಜನಿಸಿದವನು ಗೌತಮ ಬುದ್ಧ. ಅವನ ಬಾಲ್ಯದ ಹೆಸರೂ ಸಿದ್ಧಾರ್ಥ. ಇಬ್ಬರೂ ಕ್ಷತ್ರಿಯ ಮನೆತನದವರು. ಮಹಾವೀರನು ಮೂವತ್ತನೆಯ ವಯಸ್ಸಿಗೆ ಮನೆ ಬಿಟ್ಟು, ಹನ್ನೆರಡು ವರ್ಷ ಘೋರ ತಪಸ್ಸು ಮಾಡಿ ಕೇವಲಜ್ಞಾನ ಪಡೆದನು. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಪಾವಾಪುರಿಯಲ್ಲಿ ನಿರ್ವಾಣ ಹೊಂದಿದನು. ಬುದ್ಧನು ಇಪ್ಪತ್ತೊಂಬತ್ತಕ್ಕೆ ಮನೆ ಬಿಟ್ಟು, ಆರು ವರ್ಷ ಅಲೆದು, ಗಯೆಯ ಅಶ್ವತ್ಥ ವೃಕ್ಷದ ಕೆಳಗೆ ಬೋಧಿ ಪಡೆದನು. ಎಂಬತ್ತನೆಯ ವಯಸ್ಸಿನಲ್ಲಿ ಕುಶಿನಗರದಲ್ಲಿ ಪರಿನಿರ್ವಾಣ ಹೊಂದಿದನು. ಅವರ ಕಾಲದ ವರ್ಷಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಇಬ್ಬರೂ ಬಹುಮಟ್ಟಿಗೆ ಸಮಕಾಲೀನರು ಎಂಬುದನ್ನು ಎರಡೂ ಪರಂಪರೆಗಳು ಒಪ್ಪುತ್ತವೆ. ಬೌದ್ಧರ ಪಾಲಿ ಗ್ರಂಥಗಳು ಮಹಾವೀರನನ್ನು ನಿಗಂಠ ನಾತಪುತ್ತ ಎಂಬ ಹೆಸರಿನಿಂದ ಮತ್ತೆ ಮತ್ತೆ ನೆನೆಯುತ್ತವೆ. ಮಗಧದ ಅರಸ ಬಿಂಬಿಸಾರನನ್ನು ಬೌದ್ಧರು ತಮ್ಮವನೆಂದರೆ, ಜೈನರು ಅವನನ್ನೇ ಶ್ರೇಣಿಕ ಮಹಾರಾಜನೆಂದು ಕರೆದು ತಮ್ಮವನೆನ್ನುತ್ತಾರೆ.

ಇಬ್ಬರೂ ತಾವು ಹೊಸದೇನನ್ನೋ ಹುಟ್ಟುಹಾಕಿದೆವು ಎನ್ನಲಿಲ್ಲ. ಮಹಾವೀರನು ಇಪ್ಪತ್ನಾಲ್ಕನೆಯ ತೀರ್ಥಂಕರ. ಅವನಿಗಿಂತ ಹಿಂದೆ ಪಾರ್ಶ್ವನಾಥನೇ ಮೊದಲಾಗಿ ಇಪ್ಪತ್ತಮೂವರು ಆಗಿಹೋದರೆಂದು ಜೈನರು ನಂಬುತ್ತಾರೆ. ಬುದ್ಧನೂ ಕಾಡಿನಲ್ಲಿ ಮುಚ್ಚಿಹೋಗಿದ್ದ ಹಳೆಯ ದಾರಿಯನ್ನು ತಾನು ಮತ್ತೆ ಕಂಡುಕೊಂಡೆನೆಂದು ಹೇಳಿದನು. ಇಬ್ಬರೂ ಪಂಡಿತರಿಗೆ ಮಾತ್ರ ತಿಳಿಯುವ ಭಾಷೆಯನ್ನು ಬಿಟ್ಟು ಜನರ ನುಡಿಯಲ್ಲಿ ಬೋಧಿಸಿದರು. ಇಬ್ಬರ ಸಂಘದಲ್ಲಿಯೂ ನಾಲ್ಕು ಅಂಗಗಳು: ಅಲ್ಲಿ ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ, ಇಲ್ಲಿ ಭಿಕ್ಷು, ಭಿಕ್ಷುಣಿ, ಉಪಾಸಕ, ಉಪಾಸಿಕೆ. ಮನೆ ಬಿಟ್ಟವರಿಗೂ ಮನೆಯಲ್ಲಿದ್ದವರಿಗೂ, ಗಂಡಸಿಗೂ ಹೆಂಗಸಿಗೂ ಎರಡೂ ಕಡೆ ಸ್ಥಾನವಿತ್ತು.

ನೆರೆಯವರಿಂದ ಕಲಿತ ಪಾಠ

ಈ ಎರಡು ಧರ್ಮಗಳು ನೆರೆಮನೆಯವರಂತೆ ಬೆಳೆದವು. ನೆರೆಮನೆಯವರಲ್ಲಿ ವಾದವೂ ಇರುತ್ತದೆ, ಕೊಡುಕೊಳ್ಳುವುದೂ ಇರುತ್ತದೆ. ಬೌದ್ಧರ ವಿನಯ ಗ್ರಂಥಗಳಲ್ಲಿ ಇದಕ್ಕೆ ಒಳ್ಳೆಯ ನಿದರ್ಶನಗಳಿವೆ.

ಮೊದಮೊದಲು ಬೌದ್ಧ ಭಿಕ್ಷುಗಳು ಮಳೆಗಾಲದಲ್ಲಿಯೂ ಊರೂರು ತಿರುಗುತ್ತಿದ್ದರಂತೆ. ಆಗ ಜನರೇ ಆಕ್ಷೇಪಿಸಿದರು. ಉಳಿದ ಪಂಥಗಳ ಸನ್ಯಾಸಿಗಳು ಮಳೆಗಾಲದಲ್ಲಿ ಒಂದೆಡೆ ನಿಲ್ಲುತ್ತಾರೆ, ಹಕ್ಕಿಗಳೂ ಗೂಡು ಸೇರುತ್ತವೆ, ಇವರು ಮಾತ್ರ ಹಸಿರು ಹುಲ್ಲನ್ನೂ ಸಣ್ಣ ಜೀವಗಳನ್ನೂ ತುಳಿಯುತ್ತ ತಿರುಗುತ್ತಾರಲ್ಲ ಎಂದರು. ಈ ಮಾತು ಬುದ್ಧನ ಕಿವಿಗೆ ಬಿತ್ತು. ಅವನು ಸಿಟ್ಟಾಗಲಿಲ್ಲ. ಜನ ಹೇಳುವುದು ಸರಿಯೆಂದು ಒಪ್ಪಿ, ಮಳೆಗಾಲದಲ್ಲಿ ಒಂದೇ ಕಡೆ ನೆಲೆಸುವ ವರ್ಷಾವಾಸದ ನಿಯಮವನ್ನು ಮಾಡಿದನು. ಜೈನ ಮುನಿಗಳ ಚಾತುರ್ಮಾಸವೂ ಇದೇ ಕಾರಣದಿಂದ ಇಂದಿಗೂ ನಡೆದುಬಂದಿದೆ.

ಇನ್ನೊಂದು ಪ್ರಸಂಗ. ಬೇರೆ ಪಂಥದವರು ಪಕ್ಷದ ಅಷ್ಟಮಿ, ಚತುರ್ದಶಿ ಹಾಗೂ ಹುಣ್ಣಿಮೆ ಅಮವಾಸ್ಯೆಗಳಂದು ಕೂಡಿ ಧರ್ಮ ಹೇಳುತ್ತಾರೆ, ಜನ ಕೇಳಲು ಬರುತ್ತಾರೆ, ನಮ್ಮಲ್ಲಿಯೂ ಹಾಗೆ ಮಾಡಬಾರದೇಕೆ ಎಂದು ಬಿಂಬಿಸಾರನು ಬುದ್ಧನನ್ನು ಕೇಳಿದನು. ಬುದ್ಧನು ಒಪ್ಪಿದನು. ಬೌದ್ಧರ ಉಪೋಸಥ ವ್ರತ ಹೀಗೆ ಆರಂಭವಾಯಿತು. ಜೈನ ಶ್ರಾವಕರು ಅಷ್ಟಮಿ ಚತುರ್ದಶಿಗಳಂದು ಮಾಡುವ ಪ್ರೋಷಧೋಪವಾಸ ಇದರ ಒಡಹುಟ್ಟು. ಒಳ್ಳೆಯದು ನೆರೆಯವರ ಅಂಗಳದಲ್ಲಿದ್ದರೂ ಅದನ್ನು ಒಳ್ಳೆಯದೆಂದು ಒಪ್ಪುವ ಮನಸ್ಸು ಎಷ್ಟು ದೊಡ್ಡದು ನೋಡಿರಿ.

ಕೂಡುವ ತತ್ತ್ವ, ಅಗಲುವ ತತ್ತ್ವ

ಎರಡೂ ಧರ್ಮಗಳು ಜಗತ್ತನ್ನು ಸೃಷ್ಟಿಸಿದ ಒಬ್ಬ ಕರ್ತನನ್ನು ಮುಂದಿಟ್ಟುಕೊಂಡು ಮಾತನಾಡುವುದಿಲ್ಲ. ಮನುಷ್ಯನ ಸುಖದುಃಖಗಳಿಗೆ ಅವನ ಕರ್ಮವೇ ಮೂಲ, ಕರ್ಮದಿಂದ ಪುನರ್ಜನ್ಮ, ಕರ್ಮ ಕಳೆದರೆ ನಿರ್ವಾಣ. ಇಲ್ಲಿಯವರೆಗೆ ಇಬ್ಬರ ದಾರಿಯೂ ಒಂದೇ. ಜೈನರ ಐದು ವ್ರತಗಳು ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ. ಬೌದ್ಧರ ಪಂಚಶೀಲಗಳಲ್ಲಿ ಜೀವಹಿಂಸೆ ಮಾಡದಿರುವುದು, ಕೊಡದೆ ಇದ್ದುದನ್ನು ತೆಗೆದುಕೊಳ್ಳದಿರುವುದು, ಕಾಮದಲ್ಲಿ ತಪ್ಪು ನಡೆಯದಿರುವುದು, ಸುಳ್ಳಾಡದಿರುವುದು ಎಂಬ ನಾಲ್ಕು ಇದಕ್ಕೆ ಹತ್ತಿರವಾದವು. ಐದನೆಯದು ಮಾತ್ರ ಮತ್ತು ಬರಿಸುವ ಪದಾರ್ಥಗಳಿಂದ ದೂರವಿರುವುದು. ಈ ಐದನೆಯ ಶೀಲವನ್ನು ನಮ್ಮ ಹಳ್ಳಿಗಳ ತಾಯಂದಿರು ಕೇಳಿದರೆ ಕೈಯೆತ್ತಿ ಮುಗಿಯುತ್ತಾರೆಂಬುದರಲ್ಲಿ ನಮಗೆ ಸಂಶಯವಿಲ್ಲ. ತ್ರಿರತ್ನ ಎಂಬ ಮಾತೂ ಎರಡರಲ್ಲಿದೆ. ಜೈನರಿಗೆ ಅದು ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್‌ಚಾರಿತ್ರ. ಬೌದ್ಧರಿಗೆ ಬುದ್ಧ, ಧರ್ಮ, ಸಂಘ.

ಹಾಗೆಂದು ಎರಡೂ ಒಂದೇ ಎಂದು ಹೇಳಿದರೆ ಇಬ್ಬರಿಗೂ ಅನ್ಯಾಯ ಮಾಡಿದಂತೆ. ಜೈನರು ಜೀವವು ನಿತ್ಯವೆನ್ನುತ್ತಾರೆ. ಅದು ಸ್ವಭಾವತಃ ಶುದ್ಧ, ಕರ್ಮವೆಂಬ ಸೂಕ್ಷ್ಮವಾದ ಧೂಳು ಅದಕ್ಕೆ ಅಂಟಿದೆ, ತಪಸ್ಸಿನಿಂದ ಅದನ್ನು ಉದುರಿಸಬೇಕು ಎಂಬುದು ಅವರ ಸಿದ್ಧಾಂತ. ಬುದ್ಧನು ಬದಲಾಗದ ಆತ್ಮವೊಂದನ್ನು ಒಪ್ಪಲಿಲ್ಲ. ದೀಪದ ಕುಡಿಯು ಕ್ಷಣಕ್ಷಣಕ್ಕೂ ಬದಲಾಗುತ್ತ ಒಂದೇ ಎಂಬಂತೆ ತೋರುವ ಹಾಗೆ ಈ ಬಾಳು ಎಂದು ಬೌದ್ಧರು ವಿವರಿಸುತ್ತಾರೆ. ಮನಸ್ಸಿನ ಸಂಕಲ್ಪವನ್ನೇ ಬುದ್ಧನು ಕರ್ಮವೆಂದನು. ದೇಹವನ್ನು ಅತಿಯಾಗಿ ದಂಡಿಸುವುದೂ ಬೇಡ, ಭೋಗದಲ್ಲಿ ಮುಳುಗುವುದೂ ಬೇಡ ಎಂಬ ಮಧ್ಯಮ ಮಾರ್ಗ ಅವನದು. ಮಹಾವೀರನದು ಕಠೋರ ತಪಸ್ಸಿನ ಮಾರ್ಗ. ಜೈನ ಮುನಿಯು ದಾರಿಯಲ್ಲಿ ಇರುವೆಯೊಂದು ಸಾಯಬಾರದೆಂದು ನವಿಲುಗರಿಯ ಪಿಂಛಿಯಿಂದ ನೆಲ ಗುಡಿಸಿ ಕುಳಿತುಕೊಳ್ಳುತ್ತಾನೆ.

ಕುರುಡರು ಆನೆಯನ್ನು ಮುಟ್ಟಿ ನೋಡಿ ಜಗಳವಾಡಿದ ಕಥೆ ನಿಮಗೆಲ್ಲ ಗೊತ್ತು. ಅದು ಬೌದ್ಧರ ಉದಾನ ಎಂಬ ಗ್ರಂಥದಲ್ಲಿದೆ. ಮತಮತಗಳ ಸನ್ಯಾಸಿಗಳು ಬಡಿದಾಡುವುದನ್ನು ಕಂಡು ಶ್ರಾವಸ್ತಿಯಲ್ಲಿ ಬುದ್ಧನು ಹೇಳಿದ ಕಥೆಯದು. ಜೈನರೂ ತಮ್ಮ ಅನೇಕಾಂತವಾದವನ್ನು ತಿಳಿಸಲು ಅದೇ ಕಥೆಯನ್ನು ಬಳಸುತ್ತಾರೆ. ಕಥೆ ಒಂದೇ, ಹೇಳುವ ಬಾಯಿ ಎರಡು.

ಉಪಾಲಿಯ ಮನೆಯ ಬಾಗಿಲು

ಮಜ್ಝಿಮ ನಿಕಾಯದಲ್ಲಿ ಬರುವ ಒಂದು ಪ್ರಸಂಗವನ್ನು ಹಿರಿಯರು ಮನಸ್ಸಿಟ್ಟು ಕೇಳಬೇಕು. ನಾಲಂದಾ ಪಟ್ಟಣದಲ್ಲಿ ಉಪಾಲಿ ಎಂಬ ಸಿರಿವಂತ ಗೃಹಸ್ಥನಿದ್ದನು. ಅವನು ಮಹಾವೀರನ ಅನುಯಾಯಿ. ಕಾಯ, ವಾಕ್ಕು, ಮನಸ್ಸು ಈ ಮೂರರಲ್ಲಿ ಯಾವುದರ ಪಾಪ ದೊಡ್ಡದು ಎಂಬ ವಿಷಯದಲ್ಲಿ ಬುದ್ಧನನ್ನು ಸೋಲಿಸುತ್ತೇನೆಂದು ಅವನು ಹೊರಟನು. ಕಾಯದ್ದೇ ದೊಡ್ಡದೆಂಬುದು ಅವನ ವಾದ. ಮನಸ್ಸಿನದ್ದು ದೊಡ್ಡದೆಂಬುದು ಬುದ್ಧನ ಮಾತು. ಮಾತಿಗೆ ಮಾತು ಬೆಳೆದು ಕೊನೆಗೆ ಉಪಾಲಿಯು ಬುದ್ಧನ ಶಿಷ್ಯನಾಗಲು ಮುಂದಾದನು.

ಬೇರೆ ಯಾರಾದರೂ ಆಗಿದ್ದರೆ ಊರೆಲ್ಲ ಧ್ವಜ ಹಿಡಿದು ಮೆರವಣಿಗೆ ಮಾಡುತ್ತಿದ್ದರು. ಹಾಗೆಂದು ಸ್ವತಃ ಉಪಾಲಿಯೇ ಹೇಳುತ್ತಾನೆ. ಆದರೆ ಬುದ್ಧನು ಅವನನ್ನು ತಡೆದನು. ನಿನ್ನಂಥ ಹೆಸರಾದ ಮನುಷ್ಯ ಚೆನ್ನಾಗಿ ವಿಚಾರ ಮಾಡಿಯೇ ಹೆಜ್ಜೆ ಇಡಬೇಕು ಎಂದನು. ಅಷ್ಟಕ್ಕೆ ನಿಲ್ಲಲಿಲ್ಲ. ನಿನ್ನ ಮನೆಯು ಬಹುಕಾಲದಿಂದ ನಿರ್ಗ್ರಂಥ ಮುನಿಗಳಿಗೆ ಬಾಯಾರಿದವರ ಬಾವಿಯಂತೆ ಇದೆ, ಅವರು ಬಂದಾಗ ಆಹಾರ ಕೊಡುವುದನ್ನು ನಿಲ್ಲಿಸಬೇಡ ಎಂಬ ಅರ್ಥದ ಮಾತನ್ನು ಹೇಳಿದನು.

ಇದು ಬೌದ್ಧರು ಬರೆದಿಟ್ಟ ಕಥೆ. ಗೆದ್ದವರು ತಮ್ಮ ಕಡೆಯವರು ಎಂದು ಅವರು ಬರೆದುಕೊಂಡಿರುವುದು ಸಹಜ. ಜೈನರೂ ಭಾವವನ್ನು ಕಡೆಗಣಿಸಿದವರಲ್ಲ. ಪ್ರಮಾದದಿಂದ ಕೂಡಿದ ನಡೆಯಿಂದ ಪ್ರಾಣಹಾನಿ ಮಾಡುವುದೇ ಹಿಂಸೆ ಎಂದು ಅವರ ತತ್ತ್ವಾರ್ಥಸೂತ್ರ ಹೇಳುತ್ತದೆ. ವಾದದಲ್ಲಿ ಯಾರು ಗೆದ್ದರು ಎಂಬುದು ನಮಗೆ ಮುಖ್ಯವಲ್ಲ. ವಾದ ಮುಗಿದ ಮೇಲೂ ಅನ್ನದ ಬಾಗಿಲು ಮುಚ್ಚಬಾರದು ಎಂಬುದು ಮುಖ್ಯ. ಇಂದು ಮತ ಬೇರೆ, ಪಕ್ಷ ಬೇರೆ ಎಂದು ಒಂದೇ ಓಣಿಯಲ್ಲಿ ಮದುವೆ ಊಟಕ್ಕೆ ಹೋಗುವುದನ್ನು ಬಿಟ್ಟವರಿದ್ದಾರೆ. ಅವರೆಲ್ಲ ಉಪಾಲಿಯ ಮನೆಯ ಬಾಗಿಲನ್ನು ನೆನೆಯಬೇಕು.

ಕಲ್ಲಿನಲ್ಲಿ ಮೂಡಿದ ಶಾಂತಿ

ಇನ್ನು ಮೂರ್ತಿಗಳ ಮಾತು. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಮಥುರೆಯಲ್ಲಿ ಒಂದೇ ಬಗೆಯ ಕೆಂಪು ಕಲ್ಲಿನಿಂದ ಬುದ್ಧನ ಮೂರ್ತಿಗಳೂ ಜಿನನ ಮೂರ್ತಿಗಳೂ ರೂಪುಗೊಂಡವು. ಸ್ತೂಪವೆಂದರೆ ಬೌದ್ಧರದ್ದೇ ಎಂದು ನಾವು ತಿಳಿದಿರುತ್ತೇವೆ. ಆದರೆ ಮಥುರೆಯ ಕಂಕಾಲಿ ದಿಬ್ಬದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಗೆದಾಗ ಜೈನರ ಸ್ತೂಪವೇ ಸಿಕ್ಕಿತು. ಚಕ್ರ, ಪದ್ಮ, ಛತ್ರ, ಚೈತ್ಯವೃಕ್ಷ, ಸಿಂಹಾಸನ ಇವೆಲ್ಲ ಇಬ್ಬರ ಕಲೆಯಲ್ಲಿಯೂ ಇವೆ. ಎಲ್ಲೋರದಲ್ಲಿ ಒಂದೇ ಬೆಟ್ಟದ ಸಾಲನ್ನು ಕೊರೆದು ಮೂವತ್ತನಾಲ್ಕು ಗುಹೆಗಳನ್ನು ಮಾಡಿದ್ದಾರೆ. 1ರಿಂದ 12 ಬೌದ್ಧರವು, 13ರಿಂದ 29 ಶೈವ ವೈಷ್ಣವಾದಿ ದೇವತೆಗಳವು, 30ರಿಂದ 34 ಜೈನರವು. ಒಂದೇ ಕಲ್ಲು ಮೂರೂ ಮಕ್ಕಳನ್ನು ಹೊತ್ತು ನಿಂತಿದೆ.

ಹಾಗಾದರೆ ಬುದ್ಧನನ್ನೂ ಜಿನನನ್ನೂ ಗುರುತಿಸುವುದು ಹೇಗೆ? ಮೊದಲು ಮೈಮೇಲೆ ಬಟ್ಟೆಯ ಗೆರೆ ಇದೆಯೇ ನೋಡಿರಿ. ಬುದ್ಧನಿಗೆ ಹೆಗಲ ಮೇಲಿಂದ ಇಳಿದ ಚೀವರದ ಅಂಚು ಇರುತ್ತದೆ. ಆ ಚೀವರದ ಬಗ್ಗೆ ಒಂದು ಸೊಗಸಾದ ಮಾತಿದೆ. ಮಗಧದ ಗದ್ದೆಗಳು ಬದುಗಳಿಂದ ಮಡಿಮಡಿಯಾಗಿ ಕಾಣುವುದನ್ನು ತೋರಿಸಿ, ಭಿಕ್ಷುಗಳ ಬಟ್ಟೆಯನ್ನು ಹಾಗೆ ತುಂಡು ಜೋಡಿಸಿ ಹೊಲಿಯಲು ಬುದ್ಧನು ಆನಂದನಿಗೆ ಹೇಳಿದನಂತೆ. ರೈತನ ಹೊಲವೇ ಭಿಕ್ಷುವಿನ ಮೈಮೇಲಿದೆ. ದಿಗಂಬರ ಜಿನಬಿಂಬಕ್ಕೆ ವಸ್ತ್ರದ ಗೆರೆ ಇರುವುದಿಲ್ಲ. ಎಷ್ಟೋ ಜಿನಬಿಂಬಗಳಿಗೆ ಎದೆಯ ಮೇಲೆ ಶ್ರೀವತ್ಸವೆಂಬ ಗುರುತು, ತಲೆಯ ಮೇಲೆ ಮುಕ್ಕೊಡೆ, ಪೀಠದಲ್ಲಿ ಆಯಾ ತೀರ್ಥಂಕರನ ಲಾಂಛನ ಇರುತ್ತವೆ. ಜಿನನು ಪದ್ಮಾಸನದಲ್ಲಿ ಕುಳಿತಿರುತ್ತಾನೆ, ಇಲ್ಲವೆ ತೋಳು ಇಳಿಬಿಟ್ಟು ಕಾಯೋತ್ಸರ್ಗದಲ್ಲಿ ನಿಂತಿರುತ್ತಾನೆ. ಬುದ್ಧನ ಕೈಗಳು ಅಭಯ ನೀಡುತ್ತವೆ, ನೆಲ ಮುಟ್ಟುತ್ತವೆ, ಬೋಧಿಸುತ್ತವೆ. ಕುಶಿನಗರದಲ್ಲಿ ಅವನು ಬಲಮಗ್ಗುಲಾಗಿ ಮಲಗಿಯೂ ಇದ್ದಾನೆ. ಆದರೆ ಇಬ್ಬರೂ ಧ್ಯಾನಕ್ಕೆ ಕುಳಿತಾಗ ಮಾತ್ರ ಕೈಗಳು ಮಡಿಲಲ್ಲಿ ಒಂದರ ಮೇಲೊಂದು, ಬೆನ್ನು ನೇರ, ಕಣ್ಣು ಅರೆಮುಚ್ಚಿ. ಅಲ್ಲಿ ಗುರುತು ಹಿಡಿಯುವುದು ಬಲ್ಲವರಿಗೂ ಕಷ್ಟ.

ನಮ್ಮ ನಾಡಿನ ಬೆಟ್ಟಗಳು

ಈ ಎರಡು ದೀಪಗಳು ಗಂಗೆಯ ದಡದಲ್ಲಿಯೇ ನಿಲ್ಲಲಿಲ್ಲ. ಚಂದ್ರಗುಪ್ತ ಮೌರ್ಯನು ಭದ್ರಬಾಹು ಮುನಿಗಳೊಡನೆ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನ ಕೈಕೊಂಡನೆಂದು ಜೈನ ಪರಂಪರೆ ಹೇಳುತ್ತದೆ. ಅವನ ಮೊಮ್ಮಗ ಅಶೋಕನು ಬುದ್ಧನ ಉಪಾಸಕನಾದನು. ಅಜ್ಜನದು ಒಂದು ದಾರಿ, ಮೊಮ್ಮಗನದು ಇನ್ನೊಂದು. ಆದರೂ ಅಶೋಕನು ತನ್ನ ಧರ್ಮಾಧಿಕಾರಿಗಳಿಗೆ ಬೌದ್ಧ ಸಂಘದ ಜೊತೆಗೆ ಬ್ರಾಹ್ಮಣರ, ಆಜೀವಿಕರ, ನಿರ್ಗ್ರಂಥರ ಯೋಗಕ್ಷೇಮವನ್ನೂ ನೋಡಿಕೊಳ್ಳುವಂತೆ ಆಜ್ಞೆ ಮಾಡಿದ್ದನ್ನು ಸ್ತಂಭಶಾಸನದಲ್ಲಿ ಕೆತ್ತಿಸಿದ್ದಾನೆ.

ಕೊಪ್ಪಳಕ್ಕೆ ಹೋದವರು ಗವಿಮಠದ ಬಳಿಯ ಬಂಡೆಯ ಮೇಲೂ, ಪಾಲ್ಕಿಗುಂಡಿನ ಮೇಲೂ ಅಶೋಕನ ಬ್ರಾಹ್ಮಿ ಶಾಸನಗಳನ್ನು ನೋಡಬಹುದು. ತಾನು ಉಪಾಸಕನಾದರೂ ಮೊದಮೊದಲು ಹೆಚ್ಚು ಪ್ರಯತ್ನ ಮಾಡಲಿಲ್ಲವೆಂದು ಚಕ್ರವರ್ತಿ ಅಲ್ಲಿ ತಾನೇ ಒಪ್ಪಿಕೊಳ್ಳುತ್ತಾನೆ. ಧರ್ಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ದೊರೆಯುತ್ತದೆ ಎಂಬುದು ಆ ಶಾಸನದ ತಿರುಳು. ಅದೇ ಕೊಪ್ಪಳ ಪ್ರಾಚೀನ ಕಾಲದಲ್ಲಿ ಕೊಪಣವೆಂಬ ಹೆಸರಿನ ಜೈನ ಮಹಾತೀರ್ಥ. ಪಾಲ್ಕಿಗುಂಡಿನ ಮೇಲೆಯೇ ವರಾಂಗಚರಿತವನ್ನು ಬರೆದ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂಬ ಹಳಗನ್ನಡ ಬರಹವಿದೆ. ಬೌದ್ಧ ಉಪಾಸಕನ ಮಾತು, ಜೈನ ಮುನಿಯ ಪಾದ, ಕೆಳಗೆ ಮಠದ ದಾಸೋಹದ ಹೊಗೆ. ಒಂದು ಇನ್ನೊಂದನ್ನು ಅಳಿಸಲಿಲ್ಲ.

ಐಹೊಳೆಯಲ್ಲಿಯೂ ಹಾಗೆಯೇ. ಮೇಗುತಿ ಬೆಟ್ಟದ ತುದಿಯಲ್ಲಿ ಕ್ರಿ.ಶ. 634ರ ಜೈನ ದೇವಾಲಯ. ಇಮ್ಮಡಿ ಪುಲಕೇಶಿಯ ಕೀರ್ತಿಯನ್ನು ಹೇಳುವ ರವಿಕೀರ್ತಿಯ ಶಾಸನ ಅದರ ಗೋಡೆಯಲ್ಲಿದೆ. ಅದಕ್ಕೆ ತುಸು ಕೆಳಗೆ ಎರಡು ಅಂತಸ್ತಿನ ಬೌದ್ಧ ಚೈತ್ಯ. ಗದಗ ಸೀಮೆಯ ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು 1007ರಲ್ಲಿ ಜಿನಾಲಯ ಕಟ್ಟಿಸಿದಳು. ಅದೇ ಸೀಮೆಯ ಡಂಬಳದಲ್ಲಿ ಸೆಟ್ಟರು ಕಟ್ಟಿಸಿದ ಬೌದ್ಧ ವಿಹಾರಕ್ಕೂ, ತಾರಾದೇವಿಗೂ ದತ್ತಿ ಬಿಟ್ಟುದನ್ನು 1095ರ ಶಾಸನ ಹೇಳುತ್ತದೆ. ಮಂಗಳೂರಿನ ಕದ್ರಿ ಮಂಜುನಾಥ ದೇವಾಲಯದಲ್ಲಿ 968ರಲ್ಲಿ ಆಳುಪ ಅರಸ ಕುಂದವರ್ಮನು ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ಮೂರ್ತಿ ಇಂದಿಗೂ ಇದೆ.

ಎಲ್ಲಕ್ಕಿಂತ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸುವುದು ಕಲಬುರಗಿ ಜಿಲ್ಲೆಯ ಭೀಮಾ ತೀರದ ಸನ್ನತಿ. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ಗುಡಿಯಿತ್ತು. 1986ರಲ್ಲಿ ಅದರ ಛಾವಣಿ ಕುಸಿದು ಮೂರ್ತಿ ಭಗ್ನವಾಯಿತು. ಪೀಠದ ಕಲ್ಲನ್ನು ನೋಡಿದಾಗ ಅದು ಅಶೋಕನ ಶಾಸನದ ಚಪ್ಪಡಿ! ಹಿಂದೆ ಯಾವಾಗಲೋ ಅದನ್ನು ತಂದು, ನಡುವೆ ತೂತು ಕೊರೆದು ದೇವಿಯನ್ನು ನಿಲ್ಲಿಸಿದ್ದರು. ಆ ಚಪ್ಪಡಿಯ ಮೇಲಿರುವ ಶಾಸನಗಳಲ್ಲಿ ಒಂದು ಅಶೋಕನ ಹನ್ನೆರಡನೆಯ ಶಿಲಾಶಾಸನ. ತನ್ನ ಮತವನ್ನೇ ಹೊಗಳಿಕೊಂಡು ಪರರ ಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆ, ನಾಲಿಗೆಗೆ ಹಿಡಿತವಿರಲಿ, ಪರರ ಧರ್ಮವನ್ನು ಕೇಳಿ ಗೌರವಿಸಿರಿ ಎಂಬುದೇ ಅದರ ಸಾರ. ಶತಮಾನಗಳ ಕಾಲ ಈ ಮಾತು ದೇವಿಯ ಪಾದದ ಕೆಳಗೆ ಯಾರಿಗೂ ಕಾಣದಂತೆ ಇತ್ತು. ಮುಂದೆ 1994ರಿಂದ ಹತ್ತಿರದ ಕನಗನಹಳ್ಳಿಯಲ್ಲಿ ಉತ್ಖನನ ನಡೆದು ಮಹಾಸ್ತೂಪವೊಂದು ಬೆಳಕಿಗೆ ಬಂತು. ರಾಜಾ ಅಶೋಕ ಎಂಬ ಬ್ರಾಹ್ಮಿ ಬರಹದೊಡನೆ ಅವನ ಶಿಲ್ಪವೂ ಅಲ್ಲಿ ಸಿಕ್ಕಿತು.

ಉಳಿದುದು, ಮರೆಯಾದುದು

ಇಷ್ಟು ಬೇರೂರಿದ್ದ ಬೌದ್ಧ ಧರ್ಮ ನಮ್ಮ ಹಳ್ಳಿಗಳಿಂದ ಏಕೆ ಮರೆಯಾಯಿತು? ಜೈನ ಧರ್ಮ ಹೇಗೆ ಉಳಿಯಿತು? ವಿದ್ವಾಂಸರು ಹಲವು ಕಾರಣ ಹೇಳುತ್ತಾರೆ. ಬೌದ್ಧರ ಬದುಕು ದೊಡ್ಡ ವಿಹಾರಗಳಲ್ಲಿ ಕೇಂದ್ರವಾಗಿತ್ತು. ಅರಸರ ಮತ್ತು ದೂರದೇಶದ ವರ್ತಕರ ಆಶ್ರಯ ತಪ್ಪಿದಾಗ, 1200ರ ಸುಮಾರಿಗೆ ನಾಲಂದೆಯಂಥ ಮಹಾವಿಹಾರಗಳು ಹಾಳಾದಾಗ, ಆಧಾರ ಕುಸಿಯಿತು. ಅವರ ಗ್ರಂಥಗಳು ಸಿಂಹಳ, ಟಿಬೆಟ್, ಚೀನ, ನೇಪಾಳಗಳಲ್ಲಿ ಉಳಿದವು. ಜೈನರಲ್ಲಿ ಗೃಹಸ್ಥನಿಗೂ ಬಿಗಿಯಾದ ವ್ರತಗಳಿದ್ದವು. ಊರಿನ ಬಸದಿ, ಮನೆಯ ಆಹಾರ ನಿಯಮ, ಮುನಿಗಳಿಗೆ ಆಹಾರದಾನ, ಶಾಸ್ತ್ರದಾನ ಇವೆಲ್ಲ ಮನೆಮನೆಯ ಕೆಲಸವಾಗಿದ್ದವು. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಧವಳವೆಂಬ ಮಹಾಟೀಕೆಯ ಹಳೆಯ ಓಲೆಗರಿಗಳು ಮೂಡುಬಿದಿರೆಯಲ್ಲಿ ಕನ್ನಡ ಲಿಪಿಯಲ್ಲಿ ಶತಮಾನಗಳವರೆಗೆ ಕಾಯಲ್ಪಟ್ಟವು. ಚಾವುಂಡರಾಯನು 981ರಲ್ಲಿ ಮಾಡಿಸಿದ ಗೊಮ್ಮಟನಿಗೆ 2018ರಲ್ಲಿಯೂ ಮಹಾಮಸ್ತಕಾಭಿಷೇಕ ನಡೆಯಿತು.

ಹಾಗೆಂದು ಬುದ್ಧನ ದೀಪ ನಂದಲಿಲ್ಲ. ಡಾ. ಬಾಬಾಸಾಹೇಬ ಅಂಬೇಡ್ಕರರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧ ದೀಕ್ಷೆ ಪಡೆದರು. 1960ರ ದಶಕದಲ್ಲಿ ನೆಲೆ ಕಳೆದುಕೊಂಡು ಬಂದ ಟಿಬೆಟ್ಟಿನ ಜನರಿಗೆ ನಮ್ಮ ಬೈಲಕುಪ್ಪೆ, ಮುಂಡಗೋಡಗಳು ಆಸರೆಯಾದವು. ಅಲ್ಲಿ ಇಂದು ಭಿಕ್ಷುಗಳ ಮಂತ್ರಘೋಷ ಕೇಳುತ್ತದೆ, ಪಕ್ಕದಲ್ಲಿ ಅವರೇ ಬೆಳೆದ ಗೋವಿನಜೋಳದ ಹೊಲವಿದೆ.

ಇದರಿಂದ ನಾವು ಅರಿಯಬೇಕಾದ ಪಾಠ ಸ್ಪಷ್ಟ. ಅರಸನು ಕೊಟ್ಟ ಗ್ರಾಮದಾನದಿಂದ ಧರ್ಮಕ್ಕೆ ಸ್ವಲ್ಪ ಕಾಲ ಬಲ ಬರಬಹುದು. ಗೃಹಸ್ಥನ ನಡೆಯಲ್ಲಿ, ತಾಯಿ ಮಗುವಿಗೆ ಹೇಳಿಕೊಡುವ ಮಾತಿನಲ್ಲಿ ಇರುವ ಧರ್ಮ ಬಹುಕಾಲ ಬಾಳುತ್ತದೆ. ಇದು ಎಲ್ಲ ಧರ್ಮದವರಿಗೂ ಸಲ್ಲುವ ಮಾತು.

ಮತ್ತೆ ಹೊಲದ ಬದುವಿಗೆ

ಮರುದಿನ ಬೆಳಿಗ್ಗೆ ನಾವು ಆ ಹಿರಿಯರ ಹೊಲಕ್ಕೆ ಹೋದೆವು. ಮೂರ್ತಿ ಪದ್ಮಾಸನದಲ್ಲಿತ್ತು. ಮಡಿಲಲ್ಲಿ ಕೈಮೇಲೆ ಕೈ. ಎದೆಯ ಭಾಗವನ್ನು ನೋಡಿದೆವು. ತಲೆತಲಾಂತರದಿಂದ ಕುಡುಗೋಲು ಮಸೆದು ಮಸೆದು ಕಲ್ಲು ಸವೆದು ನುಣ್ಣಗಾಗಿತ್ತು. ಅಲ್ಲಿ ಚೀವರದ ಅಂಚಿತ್ತೋ, ಶ್ರೀವತ್ಸವಿತ್ತೋ ಯಾರು ಹೇಳಬೇಕು? ಪೀಠ ಮಣ್ಣಿನಲ್ಲಿ ಹೂತಿತ್ತು.

"ಯಜಮಾನ್ರ, ನಮಗೂ ಗುರುತು ಹತ್ತವಲ್ದು. ಇಬ್ಬರೂ ಧ್ಯಾನಕ್ಕ ಕುಂತ್ರ ಹಿಂಗ ಕೂಡತಾರ" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ಹಂಗಾರ ಯಾರದ್ದರ ಆಗಲ್ರಿ ಅಪ್ಪಾರ, ಯಾರೋ ಭಕ್ತಿಲೆ ಮಾಡಿಸಿದ್ದು. ನಮ್ಮಪ್ಪ, ನಮ್ಮಜ್ಜ ಇದರ ಮುಂದ ಬಿತ್ತಿ ಬೆಳದಾರ. ನಾ ಕೀಳೂದಿಲ್ಲ" ಎಂದರು. ಮಕ್ಕಳನ್ನು ಕರೆದು ಅಲ್ಲಿ ನಾಲ್ಕು ಮೊಳ ಜಾಗ ಬಿಟ್ಟು ಟ್ರ್ಯಾಕ್ಟರ್ ತಿರುಗಿಸಲು ಹೇಳಿದರು. ಕುಡುಗೋಲು ಮಸೆಯಲು ಬೇರೆ ಕಲ್ಲು ತರಿಸಿದರು. ಗ್ರಾಮ ಪಂಚಾಯಿತಿಯ ಮೂಲಕ ಪುರಾತತ್ತ್ವ ಇಲಾಖೆಯವರಿಗೆ ಒಂದು ಅರ್ಜಿ ಬರೆಯಿಸಿರೆಂದು ನಾವು ಸೂಚಿಸಿದೆವು.

ನಿಮ್ಮ ಊರಿನಲ್ಲಿಯೂ ಇಂತಹ ಕಲ್ಲು ಇದ್ದರೆ ಕೀಳಬೇಡಿರಿ, ಸಾಗಿಸಬೇಡಿರಿ, ಬಣ್ಣ ಬಳಿಯಬೇಡಿರಿ, ನಿಧಿಯ ಆಸೆಗೆ ಅಗೆಯುವವರನ್ನು ಹತ್ತಿರ ಬಿಡಬೇಡಿರಿ. ಬರಹವಿದ್ದರೆ ಬಲ್ಲವರಿಗೆ ತೋರಿಸಿರಿ, ಇಲಾಖೆಗೆ ತಿಳಿಸಿರಿ. ಸನ್ನತಿಯ ಆ ಚಪ್ಪಡಿಯಂತೆ ನಮ್ಮ ಕಾಲ ಕೆಳಗೇ ಯಾವ ಹಿರಿಯ ಮಾತು ಅಡಗಿದೆಯೋ ಯಾರು ಬಲ್ಲರು?

ನಮ್ಮ ಮನೆಯ ದೀಪವನ್ನು ನಾವು ಹಚ್ಚಿಕೊಳ್ಳೋಣ. ನೆರೆಮನೆಯ ದೀಪಕ್ಕೆ ಗಾಳಿ ಬಡಿಯದಂತೆ ಕೈ ಅಡ್ಡ ಹಿಡಿಯೋಣ. ಓಣಿಗೆ ಎರಡರ ಬೆಳಕೂ ಬೇಕು. ಇಂತಹ ಸದ್ಬುದ್ಧಿ ಎಲ್ಲರಿಗೂ ಬರಲಿ, ಎಲ್ಲರಿಗೂ ಒಳಿತಾಗಲಿ ಎಂದು ಹಾರೈಸುತ್ತೇವೆ.